ಹಲ್ಲಿಗೆ ವ್ಯಾಕರಣ ಬರೆದವನು

ಪಾಠ ಹೇಳುವವನಿಗೆ ತನ್ನ ತಪ್ಪು ಗೊತ್ತಾಗುವುದು ಬಹುಮಟ್ಟಿಗೆ ತರಗತಿ ಮುಗಿದ ಮೇಲೆಯೇ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಪಾವಗಡದ ಕಡೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳಿದ್ದಳು. ಹಳಗನ್ನಡ ಪದ್ಯವನ್ನು ಬಿಡಿಸಿ ಓದುವುದರಲ್ಲಿ ಆ ವರ್ಷ ಅವಳಿಗೆ ಸಮನಾದವರಿರಲಿಲ್ಲ. ಆದರೆ ಓದುವಾಗಲೆಲ್ಲ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯುವಳು. ಒಂದು ದಿನ ನಾನು ಬೇಸತ್ತು, ಕೈ ತೆಗೆದು ಓದಬೇಕೆಂದು ತುಸು ಗಡುಸಾಗಿಯೇ ಹೇಳಿದೆ. ಅವಳು ಕೈ ತೆಗೆದಳು. ಮುಂದಿನ ಹಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳಿದ್ದವು. ಹುಡುಗರಲ್ಲಿ ಒಬ್ಬಿಬ್ಬರು ನಕ್ಕರು. ಅಂದಿನಿಂದ ವರ್ಷ ಮುಗಿಯುವವರೆಗೂ ಅವಳು ತರಗತಿಯಲ್ಲಿ ಬಾಯಿಬಿಟ್ಟು ಓದಲಿಲ್ಲ. ಹಲ್ಲುಜ್ಜದ ಸೋಮಾರಿತನವೆಂದೇ ನಾನೂ ಆಗ ಮನಸ್ಸಿನಲ್ಲಿ ಎಣಿಸಿದೆನೆಂಬುದನ್ನು ಮುಚ್ಚಿಡಲಾರೆ.

ಎರಡು ವರ್ಷಗಳ ತರುವಾಯ ನನ್ನದೇ ದವಡೆಹಲ್ಲೊಂದು ಹುಳುಕಾಗಿ, ನಮ್ಮೂರಿನ ದಂತವೈದ್ಯರ ಕುರ್ಚಿಯಲ್ಲಿ ಒರಗಿ ಕೂರುವ ಪ್ರಸಂಗ ಬಂದಿತು. ಅವರು ಸಣ್ಣ ಕನ್ನಡಿಯಲ್ಲಿ ನೋಡಿ, ಮೊನೆಯಿಂದ ಮುಟ್ಟಿ, ಇದು ಬ್ಲ್ಯಾಕನ ಎರಡನೆಯ ವರ್ಗದ ಹುಳುಕೆಂದು ತಮ್ಮ ಸಹಾಯಕಿಗೆ ಹೇಳಿ ಬರೆಸಿದರು. ವರ್ಗವೆಂಬ ಮಾತು ಕೇಳಿದೊಡನೆ ವ್ಯಾಕರಣ ಪಾಠ ಹೇಳುವವನ ಕಿವಿ ನಿಮಿರದೆ ಇರಲಾರದಷ್ಟೆ. ಬಾಯಿ ತೆರವಾದ ಮೇಲೆ ಆ ಬ್ಲ್ಯಾಕ್ ಯಾರೆಂದು ವಿಚಾರಿಸಿದೆ. ಮಾತು ಮುಂದುವರಿದು ನನ್ನ ವಿದ್ಯಾರ್ಥಿನಿಯ ಹಲ್ಲಿನ ಸಂಗತಿಯೂ ಬಂದಿತು. ಅದಕ್ಕೂ ಶುಚಿತ್ವಕ್ಕೂ ಸಂಬಂಧವಿಲ್ಲ, ಅದು ಕುಡಿಯುವ ನೀರಿನ ದೋಷವೆಂದು ಅವರು ತಿಳಿಸಿ, ಆ ಕಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನೂ ಅದೇ ಬ್ಲ್ಯಾಕನೆಂದರು. ನನ್ನ ಹಲ್ಲಿಗೂ ಅವಳ ಹಲ್ಲಿಗೂ ಉತ್ತರ ಹೇಳಬಲ್ಲ ಈ ಮನುಷ್ಯನ ಜೀವನವನ್ನು ತಿಳಿಯಬೇಕೆಂಬ ಹಂಬಲ ಅಂದು ಹುಟ್ಟಿತು. ಓದಿ ತಿಳಿದುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಗ್ರೀನ್ ವಾರ್ಡಿಮನ್ ಬ್ಲ್ಯಾಕ್ ಹುಟ್ಟಿದ್ದು 1836ನೆಯ ಇಸವಿ ಆಗಸ್ಟ್ 3ರಂದು, ಅಮೆರಿಕದ ಇಲಿನಾಯ್ ಸಂಸ್ಥಾನದ ವಿಂಚೆಸ್ಟರ್ ಊರಿನ ಬಳಿ, ಒಕ್ಕಲಿನ ಮನೆಯಲ್ಲಿ. ಕಾಡು ಕಡಿದು ಹೊಲ ಮಾಡಿಕೊಳ್ಳುತ್ತಿದ್ದ ಜನರ ನಾಡು ಅದು. ಆತ ಶಾಲೆಯ ಬೆಂಚಿನ ಮೇಲೆ ಕುಳಿತದ್ದು ಎಲ್ಲ ಕೂಡಿಸಿದರೂ ಎರಡು ವರ್ಷಕ್ಕೆ ಕಡಮೆ. ಮಿಕ್ಕ ವಿದ್ಯೆಯೆಲ್ಲ ಹೊಲದಲ್ಲಿ, ಕಾಡಿನಲ್ಲಿ ಕಣ್ಣಿಟ್ಟು ನೋಡಿ ಕಲಿತದ್ದು. ಹದಿನೇಳನೆಯ ವಯಸ್ಸಿನಲ್ಲಿ ವೈದ್ಯನಾಗಿದ್ದ ಅಣ್ಣನ ಮನೆಯನ್ನು ಸೇರಿ, ಅಲ್ಲಿದ್ದ ಪುಸ್ತಕಗಳನ್ನು ಓದತೊಡಗಿದನು. 1857ರಲ್ಲಿ ಸ್ಪಿಯರ್ ಎಂಬ ದಂತವೈದ್ಯನ ಬಳಿ ಕೆಲವೇ ತಿಂಗಳು ಶಿಷ್ಯವೃತ್ತಿ ಮಾಡಿದನು. ಆ ಗುರುವಿಗೆ ತಿಳಿದಿದ್ದನ್ನು ಕಲಿಯಲು ಅಷ್ಟು ಕಾಲ ಸಾಕಾಯಿತು. ಅನಂತರ ವಿಂಚೆಸ್ಟರಿನಲ್ಲಿ ಸ್ವಂತ ವೃತ್ತಿಯನ್ನು ಆರಂಭಿಸಿದನು.

ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಯಿತು. 1862ರಲ್ಲಿ ಬ್ಲ್ಯಾಕ್ ಉತ್ತರದವರ ಸೈನ್ಯವನ್ನು ಸೇರಿ, ಶತ್ರುವಿನ ಸುಳುವು ತಿಳಿದು ಬರುವ ಕೆಲಸ ಮಾಡಿದನು. ಮೊಣಕಾಲಿಗೆ ಪೆಟ್ಟು ಬಿದ್ದು ಬಹುಕಾಲ ಆಸ್ಪತ್ರೆಯಲ್ಲಿದ್ದನು. ಯುದ್ಧದ ಆ ವರ್ಷಗಳಲ್ಲಿಯೇ ಮೊದಲ ಹೆಂಡತಿಯೂ ತೀರಿಕೊಂಡಳು. 1864ರಲ್ಲಿ ಸೈನ್ಯದಿಂದ ಬಿಡುಗಡೆಯಾಗಿ ಜ್ಯಾಕ್ಸನ್‌ವಿಲ್ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿದನು. ಮುಂದಿನ 33 ವರ್ಷ ಆತನ ಕರ್ಮಭೂಮಿ ಅದೇ.

ಆ ಕಾಲದ ದಂತವೈದ್ಯ ಎಂಥದೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಹುಳುಕನ್ನು ಕೆರೆದು ತೂತನ್ನು ತುಂಬುವುದಕ್ಕೆ ಚಿನ್ನದ ತೆಳುಹಾಳೆಯನ್ನು ಪದರ ಪದರವಾಗಿ ಬಡಿದು ಕೂರಿಸುವ ಪದ್ಧತಿಯಿತ್ತು. ಅದು ಉಳ್ಳವರ ಮಾತು. ಬಡವರಿಗೆ ಸಿಕ್ಕುತ್ತಿದ್ದುದು ಬೆಳ್ಳಿಯ ಪುಡಿಯನ್ನು ಪಾದರಸದಲ್ಲಿ ಕಲಸಿದ ಮುದ್ದೆ, ಅಮಾಲ್ಗಮ್. ಈ ಮುದ್ದೆಯ ವಿಷಯದಲ್ಲಿ ಅಲ್ಲಿನ ವೈದ್ಯರೊಳಗೆ ದೊಡ್ಡ ಜಗಳವೇ ನಡೆದುಹೋಗಿತ್ತು. 1840ರಲ್ಲಿ ಹುಟ್ಟಿದ ದಂತವೈದ್ಯರ ಸಂಘವೊಂದು, ಅಮಾಲ್ಗಮನ್ನು ಬಳಸುವುದಿಲ್ಲವೆಂದು ಸದಸ್ಯರಿಂದ ಪ್ರತಿಜ್ಞೆ ಬರೆಸಿಕೊಳ್ಳಹೋಗಿ, 1856ರಲ್ಲಿ ತಾನೇ ಒಡೆದುಹೋಯಿತು. ಜಗಳವಾಡಿದವರಲ್ಲಿ ಆ ಮುದ್ದೆಯನ್ನು ಸರಿಯಾಗಿ ಅಳೆದು ನೋಡಿದವರು ಮಾತ್ರ ಇರಲಿಲ್ಲ. ಒಬ್ಬನು ತುಂಬಿದ ಹಲ್ಲು ಇಪ್ಪತ್ತು ವರ್ಷ ಬಾಳುವುದು. ಇನ್ನೊಬ್ಬನದು ಎರಡೇ ವರ್ಷದಲ್ಲಿ ಅಂಚು ಬಿಟ್ಟು ಮತ್ತೆ ಹುಳಿಯುವುದು. ಕಾರಣ ಕೇಳಿದರೆ ಕೈಗುಣವೆಂದೋ, ರೋಗಿಯ ಹಲ್ಲೇ ಮೆದುವೆಂದೋ ಹೇಳಿ ಮುಗಿಸುತ್ತಿದ್ದರು.

ಬ್ಲ್ಯಾಕನಿಗೆ ಕೈಗುಣವೆಂಬ ಮಾತಿನಿಂದ ತೃಪ್ತಿಯಾಗಲಿಲ್ಲ. ಹಗಲೆಲ್ಲ ರೋಗಿಗಳನ್ನು ನೋಡಿ, ರಾತ್ರಿ ತನ್ನ ಪ್ರಯೋಗದ ಕೋಣೆಯಲ್ಲಿ ಕೂರುವನು. ಐರೋಪ್ಯ ವಿಜ್ಞಾನದ ಗ್ರಂಥಗಳನ್ನು ಓದುವ ಸಲುವಾಗಿ ಜರ್ಮನ್ ಭಾಷೆಯನ್ನು ಕಲಿತನು. ಸೂಕ್ಷ್ಮದರ್ಶಕವನ್ನು ಕೈವಶ ಮಾಡಿಕೊಂಡನು. ಕಾಲಿನಿಂದ ತುಳಿದು ಓಡಿಸುವ ಬೈರಿಗೆಯಂತ್ರವನ್ನು ತಾನೇ ರೂಪಿಸಿದನು. ಹಲ್ಲಿನ ಗಡಸುತನವನ್ನು ಅಳೆಯಲು, ದವಡೆ ಕಚ್ಚುವ ಬಲವನ್ನು ಅಳೆಯಲು, ಗಟ್ಟಿಯಾಗುವಾಗ ಲೋಹದ ಮುದ್ದೆ ಕೂದಲೆಳೆಯ ಒಂದಂಶದಷ್ಟು ಹಿಗ್ಗಿದರೂ ಕುಗ್ಗಿದರೂ ತೋರಿಸಲು, ಬೇರೆ ಬೇರೆ ಉಪಕರಣಗಳನ್ನು ಕಟ್ಟಿದನು.

ಈ ಅಳತೆಗಳಿಂದ ಹೊರಟ ಫಲವು 1895ರಲ್ಲಿಯೂ 1896ರಲ್ಲಿಯೂ ಲೇಖನಗಳಾಗಿ ಪ್ರಕಟವಾಯಿತು. ಮೆದು ಹಲ್ಲು, ಗಟ್ಟಿ ಹಲ್ಲು ಎಂಬ ನಂಬಿಕೆ ಮೊದಲು ಬಿದ್ದುಹೋಯಿತು. ಹುಳಿತ ಹಲ್ಲಿನಲ್ಲಿಯೂ ಹುಳಿಯದ ಹಲ್ಲಿನಲ್ಲಿಯೂ ಸುಣ್ಣದ ಅಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವನ್ನು ಆತ ಕಾಣಲಿಲ್ಲ. ಆದುದರಿಂದ ಹುಳುಕಿನ ಮೂಲವನ್ನು ಹಲ್ಲಿನ ಒಡಲಲ್ಲಿ ಹುಡುಕದೆ ಅದರ ಸುತ್ತಲಿನ ಪರಿಸರದಲ್ಲಿ ಹುಡುಕಬೇಕೆಂದಾಯಿತು. ಬಾಯಿಯ ಸೂಕ್ಷ್ಮಜೀವಿಗಳು ಹುಟ್ಟಿಸುವ ಆಮ್ಲವೇ ಹಲ್ಲನ್ನು ಕರಗಿಸುವುದೆಂದು ಬರ್ಲಿನ್ನಿನಲ್ಲಿದ್ದ ಅಮೆರಿಕನ್ ವಿದ್ವಾಂಸ ಮಿಲ್ಲರ್ 1890ರಲ್ಲಿ ಪ್ರತಿಪಾದಿಸಿದ್ದನು. ಬ್ಲ್ಯಾಕನ ಶೋಧನೆ ಅದಕ್ಕೆ ಒತ್ತಾಸೆಯಾಗಿ ನಿಂತಿತು. ಇನ್ನು ಅಮಾಲ್ಗಮಿನ ವಿಚಾರ. ಬೆಳ್ಳಿ ಹೆಚ್ಚಾದರೆ ಮುದ್ದೆ ಹಿಗ್ಗುವುದು, ತವರ ಹೆಚ್ಚಾದರೆ ಕುಗ್ಗುವುದು. ಆಗತಾನೆ ಅರದಲ್ಲಿ ಉಜ್ಜಿದ ಲೋಹದ ಪುಡಿಯ ನಡತೆ ಒಂದು, ಕೆಲವು ಕಾಲ ಇಟ್ಟ ಅಥವಾ ಕಾಯಿಸಿದ ಪುಡಿಯ ನಡತೆ ಮತ್ತೊಂದು. ಇವನ್ನೆಲ್ಲ ತೂಗಿ ನೋಡಿ, ಹಿಗ್ಗದ ಕುಗ್ಗದ ಮಿಶ್ರಣವನ್ನು ಆತ ಗೊತ್ತುಮಾಡಿ ಎಲ್ಲರಿಗೂ ತಿಳಿಯುವಂತೆ ಅಚ್ಚು ಹಾಕಿಸಿದನು. ಅಲ್ಲಿಂದ ಮುಂದೆ ಬಡವನ ಹಲ್ಲಿಗೆ ತುಂಬಿದ ಬೆಳ್ಳಿಯೂ ನಂಬಬಹುದಾದ ವಸ್ತುವಾಯಿತು.

ಕನ್ನಡದ ಅಧ್ಯಾಪಕನಾದ ನನಗೆ ಇದಕ್ಕಿಂತಲೂ ಹೆಚ್ಚು ಮೆಚ್ಚಿಕೆಯಾದದ್ದು ಆತನ ಹೆಸರಿಡುವ ಕೆಲಸ. ಅದುವರೆಗೆ ಹುಳುಕಿನ ಜಾಗವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದರು. ಬ್ಲ್ಯಾಕನು ಹಲ್ಲಿನ ಪ್ರತಿಯೊಂದು ಮೈಗೂ, ಕೊರೆದ ತಗ್ಗಿನ ಪ್ರತಿಯೊಂದು ಗೋಡೆಗೂ, ಗೋಡೆಗಳು ಕೂಡುವ ಮೂಲೆಗೂ ಹೆಸರು ಕೊಟ್ಟನು. ಹುಳುಕುಗಳನ್ನು ಐದು ವರ್ಗಗಳಾಗಿ ವಿಂಗಡಿಸಿದನು. ಹಲ್ಲಿನ ಮೇಲ್ಮೈಯ ಕುಳಿ ಮತ್ತು ಸೀಳುಗಳಲ್ಲಿ ಆಗುವುದು ಒಂದನೆಯದು. ದವಡೆಹಲ್ಲುಗಳು ಒಂದಕ್ಕೊಂದು ತಾಗುವ ಪಕ್ಕಗಳಲ್ಲಿ ಆಗುವುದು ಎರಡನೆಯದು. ನನ್ನ ಹಲ್ಲು ಸೇರಿದ್ದು ಈ ವರ್ಗಕ್ಕೆ. ಬಾಚಿಹಲ್ಲು ಕೋರೆಹಲ್ಲುಗಳ ಪಕ್ಕದಲ್ಲಿ, ಕಚ್ಚುವ ಅಂಚಿನ ಮೂಲೆ ಮುರಿಯದಂತೆ ಇರುವುದು ಮೂರನೆಯದು. ಆ ಮೂಲೆಯನ್ನೂ ತೆಗೆದುಕೊಂಡದ್ದು ನಾಲ್ಕನೆಯದು. ಒಸಡಿನ ಅಂಚಿಗೆ ಹತ್ತಿಕೊಂಡು ಬರುವುದು ಐದನೆಯದು.

ಇದು ಬರಿಯ ಪಟ್ಟಿಯಲ್ಲ. ವರ್ಗ ಗೊತ್ತಾದೊಡನೆ ಚಿಕಿತ್ಸೆಯ ದಾರಿಯೂ ಗೊತ್ತಾಗುವುದು. ಎರಡನೆಯದರಲ್ಲಿ ಅಗಿಯುವ ಭಾರವನ್ನು ಲೋಹ ತಾಳಬೇಕು, ಪಕ್ಕದ ಹಲ್ಲಿನೊಡನೆ ಸರಿಯಾಗಿ ತಾಗಿಕೊಂಡಿರಬೇಕು. ನಾಲ್ಕನೆಯದರಲ್ಲಿ ಭಾರದ ಜೊತೆಗೆ ಮುಖದ ಅಂದವೂ ಸೇರಿದೆ. ತಗ್ಗನ್ನು ಸಿದ್ಧಪಡಿಸುವ ಕ್ರಮವನ್ನು ಸಹ ಆತ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದನು: ಮೊದಲು ತಗ್ಗಿನ ಎಲ್ಲೆಯನ್ನು ಗುರುತಿಸಬೇಕು, ಭಾರಕ್ಕೆ ಹಲ್ಲು ಮುರಿಯದಂತೆ ಆಕಾರ ಕೊಡಬೇಕು, ತುಂಬಿದ್ದು ಕಳಚದಂತೆ ಹಿಡಿತ ಕೊಡಬೇಕು, ಕೈ ಆಡಲು ಅನುಕೂಲ ಮಾಡಿಕೊಳ್ಳಬೇಕು, ಉಳಿದ ಹುಳುಕನ್ನು ತೆಗೆಯಬೇಕು, ಅಂಚನ್ನು ನಯಗೊಳಿಸಬೇಕು, ಕಡೆಗೆ ತೊಳೆದು ಒಣಗಿಸಬೇಕು. ಕೆರೆಯುವ ಉಳಿಗಳಿಗೂ ಆತ ಕಮ್ಮಾರನ ಇಷ್ಟದಂತೆ ಹೆಸರಿಡಲು ಬಿಡಲಿಲ್ಲ. ಹತ್ತು, ಏಳು, ಹದಿನಾಲ್ಕು ಎಂದು ಉಳಿಯೊಂದರ ಹಿಡಿಯ ಮೇಲೆ ಬರೆದಿದ್ದರೆ, ಅದರ ಅಲಗು ಒಂದು ಮಿಲಿಮೀಟರಿನ ಹತ್ತು ಹತ್ತಂಶ ಅಗಲ, ಏಳು ಮಿಲಿಮೀಟರ್ ಉದ್ದ, ಮತ್ತು ಹಿಡಿಗೆ ವೃತ್ತದ ನೂರರಲ್ಲಿ ಹದಿನಾಲ್ಕು ಭಾಗದಷ್ಟು ಬಾಗಿದೆ ಎಂದರ್ಥ. ಈ ಮೂರು ಅಂಕಿ ತಿಳಿದರೆ ಜಗತ್ತಿನ ಯಾವ ಮೂಲೆಯಲ್ಲಾದರೂ ಅದೇ ಉಳಿಯನ್ನು ಮಾಡಿಸಬಹುದು.

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಪೂರ್ವಕವಿಗಳ ಪ್ರಯೋಗಗಳನ್ನು ನೋಡಿ, ಆಯ್ದು, ಸೂತ್ರಕ್ಕೆ ತಂದು ಶಬ್ದಮಣಿದರ್ಪಣವನ್ನು ಕೊಟ್ಟನು. ವ್ಯಾಕರಣವಿಲ್ಲದೆಯೂ ಜನ ಮಾತಾಡುತ್ತಿದ್ದರು, ಕವಿಗಳು ಬರೆಯುತ್ತಿದ್ದರು. ಆದರೆ ಒಬ್ಬನ ಬಲ್ಲತನ ಮತ್ತೊಬ್ಬನಿಗೆ ದಾಟಲು ಸೂತ್ರ ಬೇಕಾಯಿತು. ಬ್ಲ್ಯಾಕ್ ಮಾಡಿದ್ದು ಇದೇ ಬಗೆಯ ಕೆಲಸವೆಂದು ನನಗೆ ತೋರುತ್ತದೆ. ಬಲ್ಲವನ ಬೆರಳ ತುದಿಯಲ್ಲಿ ಅಡಗಿದ್ದ ವಿದ್ಯೆಯನ್ನು ಆತ ತರಗತಿಯಲ್ಲಿ ಹೇಳಿಕೊಡಬಹುದಾದ ವಿದ್ಯೆಯನ್ನಾಗಿ ಮಾಡಿದನು. ಶಾಲೆ ಕಾಣದ ಆ ಒಕ್ಕಲು ಮಗನು ಮಿಸೌರಿಯಲ್ಲಿ, ಷಿಕಾಗೋದಲ್ಲಿ, ಅಯೋವಾದಲ್ಲಿ ಪಾಠ ಹೇಳಿ, 1897ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಯ ಮುಖ್ಯಸ್ಥನಾದನು. ಸಾಯುವವರೆಗೂ ಆ ಪೀಠದಲ್ಲಿದ್ದನು. ಆ ಶಾಲೆ 2001ರಲ್ಲಿ ಮುಚ್ಚಿಹೋಯಿತು. ಆದರೆ 1908ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದ ಆತನ ಶಸ್ತ್ರದಂತಚಿಕಿತ್ಸೆಯ ಗ್ರಂಥ ಹಲವು ತಲೆಮಾರಿನ ವಿದ್ಯಾರ್ಥಿಗಳ ಕೈಪಿಡಿಯಾಗಿತ್ತು.

ಸೂತ್ರಕಾರನಿಗೆ ಬರುವ ದೋಷವೊಂದು ಆತನಿಗೂ ತಪ್ಪಲಿಲ್ಲ. ಹುಳುಕು ಮತ್ತೆ ಬರದಂತೆ, ಅದು ತಗಲಬಹುದಾದ ಪಕ್ಕದ ಆರೋಗ್ಯವಾದ ಭಾಗವನ್ನೂ ಮುಂಚೆಯೇ ಕೊರೆದು ತುಂಬಬೇಕೆಂಬುದು ಬ್ಲ್ಯಾಕನ ಪ್ರಸಿದ್ಧ ನಿಯಮ. ಲೋಹ ಹಲ್ಲಿಗೆ ಅಂಟದೆ, ಗೋಡೆಗಳ ಬಿಗಿತದಿಂದ ಮಾತ್ರ ನಿಲ್ಲುತ್ತಿದ್ದ ಕಾಲದಲ್ಲಿ, ಹಲ್ಲುಜ್ಜುವ ಅಭ್ಯಾಸ ಎಲ್ಲರಲ್ಲಿಲ್ಲದ ಕಾಲದಲ್ಲಿ, ಅದಕ್ಕೆ ತಕ್ಕ ಕಾರಣವಿತ್ತು. 1955ರಲ್ಲಿ ಬ್ಯೂನೊಕೋರ್ ಎಂಬ ವಿದ್ವಾಂಸನು ಹಲ್ಲಿನ ಎನಾಮೆಲನ್ನು ಆಮ್ಲದಿಂದ ಒರಟು ಮಾಡಿದರೆ ರಾಳದ ವಸ್ತು ಅಂಟಿಕೊಳ್ಳುವುದೆಂದು ತೋರಿಸಿದನು. ಆ ಬಳಿಕ ಹಲ್ಲಿನ ಬಣ್ಣದ ರಾಳಗಳು ಬಂದವು. ಹುಳಿತಷ್ಟನ್ನು ಮಾತ್ರ ತೆಗೆದು ಉಳಿದುದನ್ನು ಕಾಪಾಡುವುದೇ ಇಂದಿನ ಧರ್ಮ. ಪಾದರಸದ ವಿಷಯದಲ್ಲಿ 2013ರಲ್ಲಿ ಆದ ಮಿನಮಾಟ ಒಪ್ಪಂದದಿಂದ ಅಮಾಲ್ಗಮ್ ಸಹ ಹಿಂದೆ ಸರಿಯುತ್ತಿದೆ. ಹೀಗಾಗಿ ಬ್ಲ್ಯಾಕನ ಸೂತ್ರಗಳಲ್ಲಿ ಕೆಲವು ಇಂದು ಹಳತಾದವು. ಕಾರಣ ಮರೆತು ಸೂತ್ರವನ್ನಷ್ಟೇ ಉರುಹಚ್ಚಿದವರು ಅನಗತ್ಯವಾಗಿ ಎಷ್ಟೋ ಒಳ್ಳೆಯ ಹಲ್ಲುಗಳನ್ನು ಕೊರೆದಿರಬಹುದು. ವ್ಯಾಕರಣ ಪಾಠದಲ್ಲಿಯೂ ನಾವು ಈ ತಪ್ಪನ್ನು ಮಾಡುತ್ತೇವೆ.

ಆದರೆ ಬ್ಲ್ಯಾಕ್ ಸ್ವತಃ ಹಳೆಯ ಪಾಠಕ್ಕೆ ಅಂಟಿಕೊಂಡವನಲ್ಲ ಎಂಬುದಕ್ಕೆ ಆತನ ಜೀವನದ ಕೊನೆಯ ಅಧ್ಯಾಯವೇ ಸಾಕ್ಷಿ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವಕ ದಂತವೈದ್ಯನು ಕಾಲೊರಾಡೋ ಸ್ಪ್ರಿಂಗ್ಸ್ ಊರಿಗೆ ಹೊಸದಾಗಿ ಬಂದನು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ, ಕೆಲವರಲ್ಲಿ ಚಾಕಲೇಟಿನಂಥ ಕಂದು ಕಲೆ. ಊರಿನವರು ಹಂದಿಮಾಂಸದಿಂದ ಎನ್ನುವರು, ಹಾಲಿನ ದೋಷವೆನ್ನುವರು. ಪುಸ್ತಕಗಳಲ್ಲಿ ಅದರ ಪ್ರಸ್ತಾಪವೇ ಇಲ್ಲ. ಮೆಕೇ ಬ್ಲ್ಯಾಕನಿಗೆ ಬರೆದನು. ಇಷ್ಟು ವ್ಯಾಪಕವಾದ ಲಕ್ಷಣ ಯಾರ ಕಣ್ಣಿಗೂ ಬೀಳದೆ ಇರುವುದುಂಟೆ ಎಂದು ಬ್ಲ್ಯಾಕ್ ಮೊದಲು ನಂಬಲಿಲ್ಲ. ಮಾದರಿ ಹಲ್ಲುಗಳನ್ನು ತರಿಸಿಕೊಂಡು ನೋಡಿದನು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1909ರಲ್ಲಿ, ತಾನೇ ಆ ಊರಿಗೆ ಹೋದನು. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಈ ಕಲೆಯಿದ್ದುದು ಶಾಲೆಗಳ ಪರೀಕ್ಷೆಯಿಂದ ತಿಳಿಯಿತು. ದಾರಿಯಲ್ಲಿ ಆಡುವ ಮಕ್ಕಳ ಬಾಯಲ್ಲಿಯೂ ಅದನ್ನು ಕಂಡು ಆತ ಬೆರಗಾದನು.

ತನ್ನ ಐದು ವರ್ಗಗಳಲ್ಲಿ ಯಾವುದಕ್ಕೂ ಸೇರದ ದೋಷ ಇದು. ಹುಳುಕಲ್ಲ, ಮೊನೆಯಿಂದ ಮುಟ್ಟಿದರೆ ತಗ್ಗು ಸಿಕ್ಕದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎನಾಮೆಲಿನ ಕಡ್ಡಿಗಳನ್ನು ಒಂದಕ್ಕೊಂದು ಬೆಸೆಯುವ ವಸ್ತುವೇ ಅಲ್ಲಿ ಕೊರತೆಯಾಗಿರುವುದನ್ನು ಕಂಡನು. ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಕಲೆ ಬಾರದು. ಹಲ್ಲು ಬಲಿಯುವ ಎಳವೆಯಲ್ಲಿ ಅಲ್ಲಿದ್ದವರಿಗೆ ಮಾತ್ರ ಬರುವುದು. ಅದಕ್ಕಿಂತ ಆಶ್ಚರ್ಯವೆಂದರೆ, ಈ ಕಲೆಯುಳ್ಳ ಹಲ್ಲುಗಳಲ್ಲಿ ಹುಳುಕು ಕಡಮೆ. ಕುಡಿಯುವ ನೀರಿನಲ್ಲಿ ಏನೋ ಇದೆಯೆಂಬ ಸಂಶಯ ಬಲವಾಯಿತು. ಅದು ಏನೆಂದು ಸಿಕ್ಕುವ ಮೊದಲೇ, 1915ನೆಯ ಆಗಸ್ಟ್ 31ರಂದು, 79ನೆಯ ವಯಸ್ಸಿನಲ್ಲಿ ಬ್ಲ್ಯಾಕ್ ಕಾಲವಾದನು. ಇಬ್ಬರೂ ಕೂಡಿ ಮಾಡಿದ ಶೋಧದ ಲೇಖನ 1916ರಲ್ಲಿ ಪ್ರಕಟವಾಯಿತು. 1918ರಲ್ಲಿ ಷಿಕಾಗೋದ ಲಿಂಕನ್ ಉದ್ಯಾನದಲ್ಲಿ ಆತನ ಪ್ರತಿಮೆಯನ್ನು ನಿಲ್ಲಿಸಿದರು.

ಹಲ್ಲು ತುಂಬುವುದರಲ್ಲಿ ಜಗತ್ತಿಗೇ ಗುರುವಾದವನು ತುಂಬಲಾಗದ ಕಲೆಯೊಂದರ ಹಿಂದೆ ತನ್ನ ಮುಪ್ಪಿನ ಆರು ವರ್ಷಗಳನ್ನು ಕಳೆದನೆಂಬುದೇ ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ. ಗಟ್ಟಿಯಾದ, ನೋವಿಲ್ಲದ, ಚೆನ್ನಾಗಿ ಅಗಿಯುವ ಹಲ್ಲಿಗೆ ಯಾವ ಚಿಕಿತ್ಸೆ ಎಂದು ಆತ ಸುಮ್ಮನಿರಬಹುದಾಗಿತ್ತು. ಆ ಕಲೆ ಮಗುವಿನ ನಗುವನ್ನು ಕೆಡಿಸುವುದೆಂಬುದೂ ರೋಗಲಕ್ಷಣವೇ ಎಂದು ಆತ ಎಣಿಸಿದನು. ಮುಂದೆ ವೈದ್ಯರು ರೋಗ ಬಂದ ಹಲ್ಲನ್ನು ದುರಸ್ತಿ ಮಾಡುವುದಕ್ಕಿಂತ ರೋಗ ಬಾರದಂತೆ ತಡೆಯುವ ಕೆಲಸದಲ್ಲಿ ತೊಡಗುವ ದಿನ ಬರುವುದೆಂದು ಆತ ಶಿಷ್ಯರಿಗೆ ಹೇಳುತ್ತಿದ್ದನಂತೆ.

1931ರಲ್ಲಿ ಚರ್ಚಿಲ್ ಎಂಬ ರಸಾಯನಜ್ಞನು ಕಲೆ ಹಿಡಿದ ಊರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದನ್ನು ಕಂಡುಹಿಡಿದನು. ಲೀಟರಿಗೆ ಸುಮಾರು ಒಂದು ಮಿಲಿಗ್ರಾಮಿನಷ್ಟಿದ್ದರೆ ಕಲೆ ತೀರ ಅಲ್ಪ, ಹುಳುಕಿನಿಂದ ರಕ್ಷಣೆ ಉಂಟು. ಮಿತಿಮೀರಿದರೆ ಹಲ್ಲಿಗೂ, ಬಹಳ ಮೀರಿದರೆ ಎಲುಬಿಗೂ ಕೇಡು ಎಂದು ಮುಂದಿನವರು ಗೊತ್ತುಮಾಡಿದರು. 1945ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣದಲ್ಲಿ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಸೇರಿಸಲು ಆರಂಭಿಸಿದರು. ನಮ್ಮ ಕಡೆಯ ಕಷ್ಟ ಅದಕ್ಕೆ ತದ್ವಿರುದ್ಧ: ನೆಲವೇ ಬೇಡವೆಂದರೂ ಕೊಡುತ್ತದೆ. 1937ರಲ್ಲಿಯೇ ನೆಲ್ಲೂರಿನ ಸೀಮೆಯಲ್ಲಿ ಈ ರೋಗವನ್ನು ಗುರುತಿಸಿದ್ದರು. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಯ ಕಲ್ಲುನೆಲದಲ್ಲಿ ಆಳಕ್ಕೆ ಕೊರೆದ ಕೊಳವೆ ಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಾಣುವುದು ಬ್ಲ್ಯಾಕ್ ಕಾಲೊರಾಡೋದ ಬೀದಿಯಲ್ಲಿ ಕಂಡ ಅದೇ ಕಲೆ.

ನಮ್ಮ ದಂತವೈದ್ಯರು ಇದನ್ನು ಗುರುತಿಸುವ ಬಗೆಯನ್ನೂ ನನಗೆ ವಿವರಿಸಿದರು. ಹುಳುಕು ಒಂದು ಹಲ್ಲಿನ ಒಂದು ಮೂಲೆಯನ್ನು ಹಿಡಿಯುವುದು. ಈ ಕಲೆ ಎಡಬಲದ ಜೋಡಿ ಹಲ್ಲುಗಳಲ್ಲಿ ಸಮನಾಗಿ, ಅಡ್ಡಗೆರೆಗಳಂತೆ ಹರಡಿರುವುದು. ಹಲ್ಲು ಒಣಗಿಸಿ ನೋಡಿದರೆ ಬಿಳುಪು ಇನ್ನೂ ಎದ್ದು ಕಾಣುವುದು. ಕೇಳಬೇಕಾದ ಮುಖ್ಯ ಪ್ರಶ್ನೆ, ಎಂಟು ವರ್ಷದೊಳಗೆ ಯಾವ ಊರಿನ ನೀರು ಕುಡಿದದ್ದು ಎಂಬುದು. ಎಷ್ಟು ಉಜ್ಜಿದರೂ ಅದು ಹೋಗದು. ಕಲೆ ಮೇಲುಪದರದಲ್ಲಿದ್ದರೆ ಆಮ್ಲ ಬೆರೆಸಿದ ಪುಡಿಯಿಂದ ಕೂದಲೆಳೆಯಷ್ಟು ಉಜ್ಜಿ ತೆಗೆಯಬಹುದು. ಆಳವಾಗಿದ್ದರೆ ಬಣ್ಣ ಹೊಂದುವ ರಾಳವನ್ನೋ ಪಿಂಗಾಣಿಯ ತೆಳುಬಿಲ್ಲೆಯನ್ನೋ ಅಂಟಿಸಬಹುದು. ಬಿಲ್ಲೆಗೆ ಹಣ ಹೆಚ್ಚು, ನೀರು ಬದಲಾದರೆ ಮುಂದಿನ ಮಕ್ಕಳಿಗೆ ಬಿಲ್ಲೆಯೇ ಬೇಡವೆಂದು ಅವರು ಕಡೆಗೆ ಹೇಳಿದರು.

ಇದಿಷ್ಟೂ ನನಗೆ ತಿಳಿದದ್ದು ಆ ವಿದ್ಯಾರ್ಥಿನಿ ಕಾಲೇಜು ಬಿಟ್ಟ ಮೇಲೆ. ಬ್ಲ್ಯಾಕ್ ಒಂದು ಕಲೆಯನ್ನು ಕಂಡಾಗ, ಇದು ಯಾವ ವರ್ಗಕ್ಕೂ ಸೇರದು, ಆದುದರಿಂದ ನನಗೆ ಗೊತ್ತಿಲ್ಲ, ನೋಡೋಣ ಎಂದು ಎಪ್ಪತ್ತೆರಡರ ವಯಸ್ಸಿನಲ್ಲಿ ರೈಲು ಹತ್ತಿದನು. ನಾನು ಅದೇ ಕಲೆಯನ್ನು ಕಂಡಾಗ ಸೋಮಾರಿತನವೆಂಬ ವರ್ಗಕ್ಕೆ ಸೇರಿಸಿ ಪಾಠ ಮುಂದುವರಿಸಿದೆನು. ಈಗ ಪ್ರತಿವರ್ಷ ಮೊದಲ ವಾರದಲ್ಲಿ, ವ್ಯಾಕರಣ ತೆಗೆಯುವ ಮೊದಲು, ಈ ಕಥೆಯನ್ನು ತರಗತಿಗೆ ಹೇಳುತ್ತೇನೆ. ಬಾಯಿಗೆ ಕೈ ಅಡ್ಡ ಹಿಡಿದು ಓದುವವರು ಇದ್ದರೆ ಹಾಗೆಯೇ ಓದಲಿ ಎಂದು ಬಿಡುತ್ತೇನೆ. ಆ ವಿದ್ಯಾರ್ಥಿನಿ ಈಗ ಎಲ್ಲಿರುವಳೋ ತಿಳಿಯೆ. ಈ ಪುಟ ಅವಳ ಕೈಗೆ ಬಂದರೆ, ಅಂದು ಗದರಿದ ಮೇಷ್ಟರಿಗೆ ತಪ್ಪು ತಿಳಿದಿದೆಯೆಂದು ಅವಳು ಅರಿಯಲಿ.